ವನದೇವತೆಯ ಎಲ್ಲೆ, ಪ್ರವಾಸಿಯ ಧರ್ಮ

ಮಡಿವಾಳದ ಸೋಮೇಶ್ವರ ದೇವಾಲಯವು ಬೆಂಗಳೂರಿನ ಪ್ರಾಚೀನ ದೇಗುಲಗಳಲ್ಲೊಂದು. ಅಲ್ಲಿಯ ತಮಿಳು ಶಾಸನವೊಂದು ಕ್ರಿ.ಶ. 1247ರದು, ವೆಂಗಳೂರಿನ ಹಿರಿಯ ಕೆರೆಯ ಕೆಳಗಿನ ಭೂಮಿಯನ್ನು ದಾನವಿತ್ತ ಸಂಗತಿಯನ್ನು ಅದು ಸಾರುತ್ತದೆ. ಇಂದು ಆ ದೇಗುಲದ ಸುತ್ತ ಮಹಾನಗರವು ಒತ್ತಿಕೊಂಡು ಬೆಳೆದಿದೆ; ವಾಹನಗಳ ಘೋಷವು ಹಗಲಿರುಳೂ ಕಿವಿಗೆ ಬೀಳುತ್ತದೆ. ಆದರೂ ಬೀದಿಯಿಂದ ಒಳಗೆ ಅಡಿಯಿಡುವವನು, ಯಾವ ಊರಿನವನೇ ಆಗಿರಲಿ, ಹೊಸ್ತಿಲ ಬಳಿ ಪಾದರಕ್ಷೆಯನ್ನು ಕಳಚುತ್ತಾನೆ, ಮಾತಿನ ದನಿಯನ್ನು ತಗ್ಗಿಸುತ್ತಾನೆ. ಹಾಗೆ ಮಾಡೆಂದು ಅವನಿಗೆ ಯಾರೂ ಬೋಧಿಸಬೇಕಾಗಿಲ್ಲ. ಗೋಡೆ, ಗೋಪುರ, ಹೊಸ್ತಿಲು, ಘಂಟೆ, ಇವೇ ಆ ಬೋಧನೆಯನ್ನು ಮಾಡುತ್ತವೆ.

ಆದರೆ ಗೋಡೆಯೂ ಗೋಪುರವೂ ಇಲ್ಲದ ಗುಡಿಗಳು ಕನ್ನಡನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಕೊಡಗಿನ ದೇವರಕಾಡು, ತುಳುನಾಡಿನ ನಾಗಬನ, ಮಲೆನಾಡಿನ ಕಾನು, ಬೆಟ್ಟದ ತುದಿಯ ಬಂಡೆ, ಹೊಳೆಯ ಮಡು, ಒಂಟಿಯಾಗಿ ನಿಂತ ಹೆಮ್ಮರ, ಇವೆಲ್ಲವೂ ಒಂದೊಂದು ಜನಸಮುದಾಯಕ್ಕೆ ದೇವಸನ್ನಿಧಿಗಳೇ. ಇಂಥಲ್ಲಿ ಹೊಸ್ತಿಲು ಎಲ್ಲಿದೆಯೆಂಬುದು ಹೊರಗಿನಿಂದ ಬಂದವನ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಬಲ್ಲವರು ತಲೆತಲಾಂತರದಿಂದ ಅಲ್ಲಿ ನೆಲೆಸಿರುವ ಜನ ಮಾತ್ರ. ವಾರದ ಬಿಡುವಿನಲ್ಲಿ ನಗರದಿಂದ ಕಾಡುಮೇಡುಗಳತ್ತ ಹರಿಯುವ ಪ್ರವಾಸಿಗರ ಪ್ರವಾಹವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವ ಈ ಕಾಲದಲ್ಲಿ ಒಂದು ಪ್ರಶ್ನೆಯು ಸಹಜವಾಗಿಯೇ ಎದುರಾಗುತ್ತದೆ: ಇಂಥ ನಿಸರ್ಗಕ್ಷೇತ್ರಗಳಲ್ಲಿ ಮೂಲನಿವಾಸಿಗಳ ಇಚ್ಛೆಗೆ ಪ್ರವಾಸಿಯು ತಲೆಬಾಗಬೇಕೆ? ಬಾಗಬೇಕಾದರೆ ಏಕೆ, ಮತ್ತು ಎಷ್ಟರ ಮಟ್ಟಿಗೆ?

ಈ ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಂದು ನೆಲದ ಮೇಲೆ ನಿಲ್ಲಿಸಿ ನೋಡುವುದು ಲೇಸು. ಬೆಂಗಳೂರಿನಿಂದ ಸುಮಾರು 180 ಕಿಲೋಮೀಟರು ದೂರದಲ್ಲಿ, ಚಾಮರಾಜನಗರ ಜಿಲ್ಲೆಯಲ್ಲಿರುವ ಬಿಳಿಗಿರಿರಂಗನ ಬೆಟ್ಟವು ಇದಕ್ಕೆ ಉತ್ತಮವಾದ ನಿದರ್ಶನ. ಬೆಟ್ಟದ ನೆತ್ತಿಯ ರಂಗನಾಥನನ್ನು ದರ್ಶಿಸಲು ಬರುವ ಯಾತ್ರಿಕರೂ, ಆನೆ ಹುಲಿಗಳನ್ನು ಕಾಣಲು ಬರುವ ವಿಹಾರಿಗಳೂ ಈ ಗಿರಿಪ್ರದೇಶವನ್ನು ಚೆನ್ನಾಗಿ ಬಲ್ಲರು. ಆದರೆ ಇದು ಅನಾದಿಯಿಂದ ಸೋಲಿಗರ ಮನೆಯೆಂಬುದನ್ನು ಬಲ್ಲವರು ಅಷ್ಟು ಮಂದಿ ಇಲ್ಲ.

ಸೋಲಿಗರು ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಮತ್ತು ಅವುಗಳ ಸುತ್ತಣ ಅರಣ್ಯಗಳಲ್ಲಿ ವಾಸಿಸುವ ಗಿರಿಜನರು. ಅವರ ನುಡಿಯು ಕನ್ನಡಕ್ಕೆ ಅತಿ ಸಮೀಪವಾದುದು. ತಮ್ಮ ಮೂಲಪುರುಷನಾದ ಕಾರಯ್ಯನು ಬಿದಿರಿನಿಂದ ಹೊರಬಂದವನೆಂದು ಅವರು ನಂಬುತ್ತಾರೆ. ಮಲೆಯ ಮಾದೇಶ್ವರನ ಕಥಾನಕದೊಡನೆ ಈ ಐತಿಹ್ಯವು ಹೆಣೆದುಕೊಂಡಿದೆ. ಬಿಳಿಗಿರಿಯ ರಂಗನಾಥನಂತೂ ಅವರಿಗೆ ದೂರದ ದೇವರಲ್ಲ. ಅವನು ಸೋಲಿಗರ ಹೆಣ್ಣುಮಗಳನ್ನು ಮೆಚ್ಚಿ ಕೈಹಿಡಿದನೆಂಬುದು ಐತಿಹ್ಯ; ಆದುದರಿಂದ ಅವರು ಅವನನ್ನು ‘ಬಾವ’ ಎಂದೇ ಕರೆಯುತ್ತಾರೆ. ದೇವರನ್ನು ತಂದೆಯೆಂದೋ ಒಡೆಯನೆಂದೋ ಕರೆಯುವ ಜನ ಬಹಳ. ಬಾವನೆಂದು ಕರೆದು ಸಲುಗೆಯಿಂದ ಕಾಣುವ ಜನ ವಿರಳ. ಬೆಟ್ಟದ ದೇವರೊಡನೆ ನೆಂಟಸ್ತನ ಬೆಳೆಸಿದವರಿಗೆ ಆ ಬೆಟ್ಟವು ನೋಟದ ವಸ್ತುವಾಗಲಾರದು, ಅದು ಬಂಧುವಿನ ಮನೆ.

ಸೋಲಿಗರ ಕ್ಷೇತ್ರಕಲ್ಪನೆಯಲ್ಲಿ ಒಂದು ಶಬ್ದವು ವಿಶೇಷವಾಗಿ ಗಮನಾರ್ಹವಾಗಿದೆ. ಅದೇ ‘ಎಲ್ಲೆ’. ಕನ್ನಡದಲ್ಲಿ ಎಲ್ಲೆಯೆಂದರೆ ಮೇರೆ, ಗಡಿ. ಎಲ್ಲೆ ಮೀರುವುದೆಂದರೆ ಮರ್ಯಾದೆಯನ್ನು ಉಲ್ಲಂಘಿಸುವುದು. ಸೋಲಿಗರಾದರೋ ಒಂದೊಂದು ಕುಲಕ್ಕೆ ಸೇರಿದ ಪವಿತ್ರ ವನಪ್ರದೇಶವನ್ನೇ ಎಲ್ಲೆಯೆಂದು ಕರೆಯುತ್ತಾರೆ. ಒಂದು ಎಲ್ಲೆಯೊಳಗೆ ಐದು ಬಗೆಯ ನೆಲೆಗಳಿರುತ್ತವೆ: ದೇವರು, ಮಾರಮ್ಮ, ವೀರು, ಕಲ್ಲುಗುಡಿ ಮತ್ತು ಅಬ್ಬಿ. ಮೊದಲನೆಯದು ಗಂಡುದೇವತೆಯ ಸ್ಥಾನ, ಎರಡನೆಯದು ಹೆಣ್ಣುದೇವತೆಯದು. ವೀರು ಉಗ್ರಶಕ್ತಿಯ ನೆಲೆ. ಕಲ್ಲುಗುಡಿಯು ತೀರಿಹೋದ ಹಿರಿಯರಿಗೆ ಸಂಬಂಧಿಸಿದ ಸ್ಮರಣಸ್ಥಾನ. ಅಬ್ಬಿಯೆಂದರೆ ನೀರಿನ ಸೆಲೆ. ದೈವ, ಪಿತೃಗಳು, ಜಲ, ಈ ಮೂರನ್ನೂ ಒಂದೇ ಪರಿಧಿಯೊಳಗೆ ತಂದು ಕಾಪಾಡಿದ ಈ ವ್ಯವಸ್ಥೆಯು ಯಾವ ಶಾಸ್ತ್ರಗ್ರಂಥದಲ್ಲಿಯೂ ಬರೆದಿಟ್ಟುದಲ್ಲ. ಹಾಡಿನಲ್ಲಿ, ಹಬ್ಬದಲ್ಲಿ, ಕಾಲುದಾರಿಯ ನೆನಪಿನಲ್ಲಿ ಉಳಿದುಬಂದುದು. ಸಂಶೋಧಕರೊಡಗೂಡಿ ಸೋಲಿಗರೇ ತಮ್ಮ ಅರಣ್ಯದಲ್ಲಿ ಇಂಥ ನೆಲೆಗಳನ್ನು ಗುರುತಿಸಿ ನಕ್ಷೆ ತಯಾರಿಸಿದಾಗ ಅವುಗಳ ಸಂಖ್ಯೆಯು ನಾನೂರನ್ನು ಮೀರಿತು.

ಈ ಸಂಖ್ಯೆಯ ಅರ್ಥವನ್ನು ಯೋಚಿಸಬೇಕು. ಹೊರಗಿನವನು ‘ನಿರ್ಜನಾರಣ್ಯ’ವೆಂದು ಬಗೆದ ಪ್ರದೇಶದಲ್ಲಿ ನಾನೂರಕ್ಕೂ ಮಿಗಿಲಾದ ಹೊಸ್ತಿಲುಗಳಿವೆ! ದಣಿದ ಪ್ರವಾಸಿಯೊಬ್ಬನು ಹುಲ್ಲಿನ ನಡುವೆ ನಿಂತ ಕಲ್ಲೊಂದನ್ನು ಕಂಡು, ಅದರ ಮೇಲೆ ಕುಳಿತು ಬುತ್ತಿಯನ್ನು ಬಿಚ್ಚುತ್ತಾನೆಂದು ಭಾವಿಸೋಣ. ಅವನ ಮನಸ್ಸಿನಲ್ಲಿ ಯಾವ ದುರುದ್ದೇಶವೂ ಇಲ್ಲ. ಅವನಿಗೆ ಅದೊಂದು ಕಲ್ಲು, ಅಷ್ಟೆ. ಆದರೆ ಅದು ಒಂದು ಕುಲದ ಕಲ್ಲುಗುಡಿಯಾಗಿದ್ದರೆ, ಅವನು ಕುಳಿತಿರುವುದು ಯಾರದೋ ಅಜ್ಜನ ಸಮಾಧಿಯ ಮೇಲೆ. ಸೆಲೆಯಲ್ಲಿ ಕಾಲು ತೊಳೆದು ಸಾಬೂನಿನ ನೊರೆಯನ್ನು ಹರಿಯಬಿಟ್ಟವನು, ಅಬ್ಬಿಯ ತೀರ್ಥವನ್ನು ಕೆಡಿಸಿದನೆಂಬುದನ್ನು ಅರಿಯನು. ಅಪರಾಧಕ್ಕೆ ಇಲ್ಲಿ ಕಾರಣವಾದುದು ದುಷ್ಟತನವಲ್ಲ, ಕೇಳದೆ ನಡೆದ ಅಜ್ಞಾನ. ಅಜ್ಞಾನಕ್ಕೆ ಮದ್ದು ಒಂದೇ: ಬಲ್ಲವರನ್ನು ಕೇಳುವುದು.

ಆ ಬೆಟ್ಟಗಳ ಒಳಗಾಡಿನಲ್ಲಿ, ಭಾರ್ಗವಿ ಹೊಳೆಯ ದಡದಲ್ಲಿ, ‘ದೊಡ್ಡಸಂಪಿಗೆ’ಯೆಂಬ ಪ್ರಾಚೀನ ವೃಕ್ಷವಿದೆ. ಶತಮಾನಗಳನ್ನು ಕಂಡ ಆ ಸಂಪಿಗೆಯ ಬುಡದಲ್ಲಿ ಲಿಂಗಾಕಾರದ ಕಲ್ಲುಗಳು ನೆಲೆಗೊಂಡಿವೆ. ಸೋಲಿಗರಿಗೆ ಅದು ಬರಿಯ ಮರವಲ್ಲ, ಸಾಕ್ಷಾತ್ ದೇವರು. ವನಸ್ಪತಿಶಾಸ್ತ್ರಜ್ಞನು ಅದರ ಸುತ್ತಳತೆಯನ್ನು ಅಳೆಯಬಹುದು, ಚಿತ್ರಗಾರನು ಅದರ ಚೆಲುವನ್ನು ಬಣ್ಣಿಸಬಹುದು, ಎರಡೂ ತಪ್ಪಲ್ಲ. ಆದರೆ ಅದು ಇಷ್ಟು ಕಾಲ ಕೊಡಲಿಗೆ ಸಿಕ್ಕದೆ ನಿಂತಿರುವುದರಲ್ಲಿ ಸೋಲಿಗರ ಭಕ್ತಿಯ ಪಾಲು ಹಿರಿದೆಂಬುದನ್ನು ಇಬ್ಬರೂ ಮರೆಯಲಾಗದು. ಅದನ್ನು ನೋಡಿ ಆನಂದಿಸುವ ಹೊರಗಿನವನು ಆ ಭಕ್ತಿಗೆ ಋಣಿ.

ಹೆಸರುಗಳಲ್ಲಿಯೂ ಒಂದು ಪಾಠವಿದೆ. ಬೆಟ್ಟದ ವನ್ಯಧಾಮದಲ್ಲಿ ಪ್ರವಾಸಿಗರು ತಂಗುವ ತಾಣವು ‘ಕೆ. ಗುಡಿ’ಯೆಂದು ಪ್ರಸಿದ್ಧವಾಗಿದೆ. ಆ ಒಂದಕ್ಷರದ ಹಿಂದೆ ಅಡಗಿರುವವನು ಕ್ಯಾತೇದೇವರು. ಸ್ಥಳದ ನಿಜನಾಮ ಕ್ಯಾತೇದೇವರ ಗುಡಿ. ಸಂಕ್ಷೇಪಿಸುವುದು ಲೋಕರೂಢಿ, ಅದರಲ್ಲಿ ದ್ವೇಷವೇನೂ ಇಲ್ಲ. ಆದರೂ ದೇವರ ಹೆಸರು ಒಂದಕ್ಷರಕ್ಕೆ ಇಳಿದಾಗ, ಅಲ್ಲಿಗೆ ಬರುವವನಿಗೆ ತಾನು ಒಂದು ಗುಡಿಯ ಆವರಣಕ್ಕೆ ಬಂದೆನೆಂಬ ಅರಿವು ತಪ್ಪಿಹೋಗುವುದು ಸಹಜ. ಪೂರ್ಣನಾಮವನ್ನು ಬಾಯಿತುಂಬ ಉಚ್ಚರಿಸುವುದೂ ಗೌರವದ ಒಂದು ಬಗೆಯೇ.

ಇಲ್ಲಿ ಇತಿಹಾಸದ ಕೆಲವು ಸಂಗತಿಗಳನ್ನು ತಿಳಿಯುವುದು ಅವಶ್ಯಕ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದಿತು. 1974ರಲ್ಲಿ ಬಿಳಿಗಿರಿಯ ಕಾಡು ವನ್ಯಧಾಮವಾಯಿತು. ಸೋಲಿಗರ ಬೇಟೆಯೂ, ಕಾಡು ಕಡಿದು ಮಾಡುತ್ತಿದ್ದ ಸಂಚಾರಿ ಬೇಸಾಯವೂ ನಿಂತವು. ಒಳಗಾಡಿನ ಪೋಡುಗಳಲ್ಲಿದ್ದ ಅನೇಕ ಕುಟುಂಬಗಳನ್ನು ರಸ್ತೆಯಂಚಿನ ಹಾಗೂ ಕಾಡಂಚಿನ ನೆಲೆಗಳಿಗೆ ತರಲಾಯಿತು. ಅವರು ತರಗೆಲೆಗೆ ಮಿತವಾಗಿ ಹಚ್ಚುತ್ತಿದ್ದ ಬೆಂಕಿಯೂ ನಿಷಿದ್ಧವಾಯಿತು. ಲಂಟಾನದ ಪೊದೆಯು ಈ ಪರಿ ಹಬ್ಬಿದುದಕ್ಕೆ ಅದೂ ಒಂದು ಕಾರಣವೆಂದು ಹಿರಿಯ ಸೋಲಿಗರು ಹೇಳುತ್ತಾರೆ. ದೇವರುಗಳು ಒಳಗೆ ಉಳಿದರು, ಒಕ್ಕಲು ಹೊರಗೆ ಬಂದಿತು. ತಮ್ಮದೇ ಎಲ್ಲೆಗೆ ಹೋಗಿ ಪೂಜೆ ಸಲ್ಲಿಸಲು ಅನುಮತಿಯನ್ನು ಎದುರುನೋಡಬೇಕಾದ ಸ್ಥಿತಿಯು ಅವರಿಗೆ ಬಂದೊದಗಿತು. ಅದೇ ಕಾಡಿನ ದಾರಿಗಳಲ್ಲಿ ಚೀಟಿ ಕೊಂಡ ವಿಹಾರಿಯು ವಾಹನದಲ್ಲಿ ಸಂಚರಿಸುತ್ತಿದ್ದನು. ಬಾವನ ಮನೆಗೆ ಹೋಗಲು ಭಾವಮೈದುನನು ಬಾಗಿಲಲ್ಲಿ ಕಾಯಬೇಕು, ದಾರಿಹೋಕನು ನೇರವಾಗಿ ಒಳಗೆ ನಡೆಯಬಹುದು! ಸೋಲಿಗರ ನೋವಿನ ತಿರುಳು ಇದು.

ಈ ಅನ್ಯಾಯವನ್ನು ತಿದ್ದುವ ದಾರಿಯನ್ನು ತೆರೆದುದು 2006ರ ಅರಣ್ಯ ಹಕ್ಕುಗಳ ಕಾಯಿದೆ. ಅರಣ್ಯವಾಸಿಗಳ ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆಗೆ ಧಕ್ಕೆ ತರುವ ಕೃತ್ಯಗಳಿಂದ ಅವರ ನೆಲೆಯನ್ನು ರಕ್ಷಿಸುವ ಅಧಿಕಾರವನ್ನು ಅದು ಗ್ರಾಮಸಭೆಗೆ ಕೊಟ್ಟಿದೆ. ಪವಿತ್ರ ವೃಕ್ಷ, ಬನ, ಕೊಳ, ಸಮಾಧಿಸ್ಥಳ, ಇವುಗಳನ್ನು ಸಮುದಾಯದ ಹಕ್ಕಿಗೆ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಅದರ ನಿಯಮಗಳು ಹೇಳುತ್ತವೆ. ಅಂದರೆ, ಕಾಗದಪತ್ರವಿಲ್ಲದ ಜನಕ್ಕೆ ಅವರ ದೇವರಮರವೇ ಪತ್ರವಾಯಿತು. 2011ರ ಆರಂಭದಲ್ಲಿ ಬಿಳಿಗಿರಿಯು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿಯ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿಯ ಕಾಡಿನೊಳಗೆ ಇಂಥ ಹಕ್ಕು ಮಾನ್ಯವಾದುದು ದೇಶದ ಚರಿತ್ರೆಯಲ್ಲಿ ಗಣನೀಯವಾದ ಘಟನೆ.

ಇನ್ನು, ಮೂಲನಿವಾಸಿಗಳ ಇಚ್ಛೆಗೆ ಪ್ರವಾಸಿಯು ಮಣಿಯಬೇಕಾಗಿಲ್ಲವೆಂಬ ವಾದಗಳನ್ನು ಪರಿಶೀಲಿಸಬಹುದು. ಎದುರಾಳಿಯ ಮಾತನ್ನು ಕೇಳದೆ ಮಾಡಿದ ತೀರ್ಮಾನವು ಪೂರ್ವಪಕ್ಷವಿಲ್ಲದ ಸಿದ್ಧಾಂತದಂತೆ ದುರ್ಬಲವಾದುದು.

ಮೊದಲನೆಯ ವಾದ: ಬೆಟ್ಟ, ನದಿ, ಕಾಡುಗಳು ರಾಷ್ಟ್ರದ ಸ್ವತ್ತು, ಎಲ್ಲ ಪ್ರಜೆಗಳಿಗೂ ಅವುಗಳಲ್ಲಿ ಸಮಾನವಾದ ಅಧಿಕಾರವಿದೆ. ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಸಾರ್ವಜನಿಕ ಸ್ವತ್ತು ಎಂಬುದಕ್ಕೆ ಸ್ವೇಚ್ಛೆಯೆಂದು ಅರ್ಥವಲ್ಲ. ಗ್ರಂಥಾಲಯವು ಎಲ್ಲರದು, ಅದರಿಂದಲೇ ಅಲ್ಲಿ ಗದ್ದಲ ಮಾಡುವ ಹಕ್ಕು ಯಾರಿಗೂ ಇಲ್ಲ. ಮೇಲಾಗಿ ಸಂವಿಧಾನವು ಪ್ರಜೆಗೆ ಹಕ್ಕುಗಳನ್ನು ಮಾತ್ರ ಕೊಟ್ಟಿಲ್ಲ. ದೇಶದ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸುವುದನ್ನೂ, ಅರಣ್ಯ ಸರೋವರ ನದಿಗಳನ್ನು ರಕ್ಷಿಸುವುದನ್ನೂ ಅವನ ಮೂಲಭೂತ ಕರ್ತವ್ಯಗಳೊಳಗೆ ಎಣಿಸಿದೆ. ದೇವರಮರದ ಬಳಿ ಈ ಎರಡು ಕರ್ತವ್ಯಗಳೂ ಒಂದೆಡೆ ಕೂಡುತ್ತವೆ.

ಎರಡನೆಯ ವಾದ: ಆ ನಂಬಿಕೆ ನನ್ನದಲ್ಲ, ನಂಬದವನು ಏಕೆ ನಡೆದುಕೊಳ್ಳಬೇಕು? ಇದಕ್ಕೆ ಲೋಕವ್ಯವಹಾರವೇ ಉತ್ತರವೀಯುತ್ತದೆ. ಸಾವು ಸಂಭವಿಸಿದ ಮನೆಯ ಮುಂದೆ ಹಾದುಹೋಗುವವನು ನಗುವನ್ನು ತಡೆಯುತ್ತಾನೆ. ತೀರಿಕೊಂಡವನು ಅವನ ಬಂಧುವಲ್ಲ, ಪರಿಚಿತನೂ ಅಲ್ಲ. ಆದರೂ ತಡೆಯುತ್ತಾನೆ, ಏಕೆಂದರೆ ಅಲ್ಲಿ ಅಳುವವರಿದ್ದಾರೆ. ಪ್ರವಾಸಿಯನ್ನು ಯಾರೂ ಆ ದೇವರನ್ನು ನಂಬೆಂದು ಕೇಳುತ್ತಿಲ್ಲ. ನಂಬುವವರ ಮನಸ್ಸನ್ನು ನೋಯಿಸಬೇಡವೆಂದಷ್ಟೇ ಕೇಳುತ್ತಿದ್ದಾರೆ.

ಮೂರನೆಯ ವಾದವು ಹೆಚ್ಚು ಗಂಭೀರವಾದುದು: ಸಂಪ್ರದಾಯದ ಹೆಸರಿನಲ್ಲಿ ಅನ್ಯಾಯವೂ ನಡೆಯುತ್ತದಲ್ಲವೆ? ಹುಟ್ಟಿನ ಕಾರಣದಿಂದ ಮನುಷ್ಯನನ್ನು ದೂರವಿಡುವ ಕಟ್ಟಳೆಗೂ ತಲೆಬಾಗಬೇಕೆ? ಇಲ್ಲಿ ವಿವೇಚನೆ ಬೇಕು. ಸ್ಥಳವನ್ನು ಕಾಪಾಡುವ ನಿಯಮವು ಒಂದು ಬಗೆ. ಮನುಷ್ಯನನ್ನು ಕೀಳಾಗಿಸುವ ನಿಯಮವು ಇನ್ನೊಂದು ಬಗೆ. ಪಾದರಕ್ಷೆಯನ್ನು ಕಳಚು, ಕೂಗಬೇಡ, ಹಿರಿಯರ ಕಲ್ಲನ್ನು ಮುಟ್ಟಬೇಡ, ಪೂಜೆಯ ಚಿತ್ರ ತೆಗೆಯಬೇಡ, ಈ ಮಾತುಗಳಿಂದ ಯಾರ ಮಾನವೂ ಕಳೆಯುವುದಿಲ್ಲ. ಅವು ಎಲ್ಲರಿಗೂ ಒಂದೇ. ಎರಡನೆಯ ಬಗೆಯ ಕಟ್ಟಳೆಗೆ ಗೌರವದ ರಕ್ಷೆಯಿಲ್ಲ. ಅದನ್ನು ಆಯಾ ಸಮಾಜದ ಅಂತಸ್ಸಾಕ್ಷಿಯೂ ದೇಶದ ಕಾನೂನೂ ತಿದ್ದಬೇಕು. ಆದರೆ ಎರಡನೆಯದರ ದೋಷವನ್ನು ಮುಂದುಮಾಡಿ ಮೊದಲನೆಯದರಿಂದ ತಪ್ಪಿಸಿಕೊಳ್ಳುವುದು ಸುಧಾರಣೆಯಲ್ಲ, ಸೌಕರ್ಯಸಾಧನೆ ಮಾತ್ರ.

ನಾಲ್ಕನೆಯ ವಾದ: ಪ್ರವಾಸಿಗಳು ಬಂದರೆ ಅಲ್ಲಿಯ ಜನಕ್ಕೆ ಜೀವನೋಪಾಯವಾಗುತ್ತದೆ, ಕಟ್ಟುಪಾಡು ಹೆಚ್ಚಿದರೆ ಬರುವವರು ನಿಲ್ಲುತ್ತಾರೆ. ಈ ಭಯವು ಎಷ್ಟು ನಿಜವೆಂಬುದನ್ನು ತಿಳಿಯಲು ಹೊರದೇಶದ ನಿದರ್ಶನವೊಂದನ್ನು ನೋಡಬಹುದು. ಆಸ್ಟ್ರೇಲಿಯದ ನಡುನೆಲದಲ್ಲಿ ಉಲುರು ಎಂಬ ಕೆಂಪು ಮಹಾಶಿಲೆಯಿದೆ. ಅದು ಅಲ್ಲಿಯ ಮೂಲನಿವಾಸಿಗಳಾದ ಅನಂಗು ಜನರಿಗೆ ಪರಮಪವಿತ್ರ. 1985ರ ಅಕ್ಟೋಬರ್ 26ರಂದು ಆ ನೆಲದ ಒಡೆತನವು ಅವರಿಗೆ ಮರಳಿತು. ಆದರೆ ಹತ್ತುವುದನ್ನು ಅವರು ಕೂಡಲೇ ನಿಲ್ಲಿಸಲಾಗಲಿಲ್ಲ. ‘ದಯವಿಟ್ಟು ಹತ್ತಬೇಡಿ’ ಎಂದು ವಿನಂತಿಸುತ್ತ ಬಂದರು. ಅವರ ಆಕ್ಷೇಪಕ್ಕೆ ಶಿಲೆಯ ಪಾವಿತ್ರ್ಯವಷ್ಟೇ ಕಾರಣವಾಗಿರಲಿಲ್ಲ. ಹತ್ತುವ ಸಾಹಸದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡಿದ್ದರು. ತಮ್ಮ ನೆಲಕ್ಕೆ ಬಂದ ಅತಿಥಿಯು ಅಲ್ಲಿ ಸತ್ತರೆ ಆ ದುಃಖವು ತಮ್ಮದೆಂದು ಅನಂಗು ಜನರು ಭಾವಿಸುತ್ತಾರೆ. ಕಾಲಕ್ರಮದಲ್ಲಿ ಹತ್ತುವವರ ಪ್ರಮಾಣವು ಐದರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯಿತು. 2017ರಲ್ಲಿ ಆಡಳಿತ ಮಂಡಲಿಯು ನಿಷೇಧದ ನಿರ್ಣಯವನ್ನು ಕೈಗೊಂಡಿತು; 2019ರ ಅಕ್ಟೋಬರ್ 26ರಿಂದ ಅದು ಜಾರಿಗೆ ಬಂದಿತು. ಕೊನೆಯ ದಿನಗಳಲ್ಲಿ ಹತ್ತಿಬಿಡಬೇಕೆಂದು ನೂಕುನುಗ್ಗಲು ನಡೆದುದೂ ನಿಜ, ಮನುಷ್ಯಸ್ವಭಾವವು ಹಾಗೆಯೇ. ಆದರೆ ನಿಷೇಧದ ತರುವಾಯವೂ ಉಲುರುವಿಗೆ ಜನರು ಬರುತ್ತಲೇ ಇದ್ದಾರೆ. ಶಿಲೆಯ ಸುತ್ತ ಸುಮಾರು 10 ಕಿಲೋಮೀಟರು ಕಾಲುದಾರಿಯಲ್ಲಿ ನಡೆದು, ಅದರ ಕಥೆಗಳನ್ನು ಕೇಳುತ್ತಾರೆ. ಪ್ರದಕ್ಷಿಣೆಯ ಅರ್ಥವನ್ನು ಬಲ್ಲ ಭಾರತೀಯನಿಗೆ ಇದು ವಿಚಿತ್ರವಾಗಿ ತೋರಲಾರದು.

ಭಾರತದಲ್ಲಿಯೂ ಇದೇ ತತ್ತ್ವವು ನ್ಯಾಯಪೀಠದಲ್ಲಿ ಮನ್ನಣೆ ಪಡೆದಿದೆ. ಒಡಿಶಾದ ನಿಯಮಗಿರಿಯು ಡೊಂಗ್ರಿಯ ಕೊಂಧರ ದೇವರಬೆಟ್ಟ. ಅಲ್ಲಿ ಎದ್ದ ಪ್ರಶ್ನೆಯು ವಿಹಾರದ್ದಲ್ಲ, ಗಣಿಗಾರಿಕೆಯದು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಆ ಜನರ ಧಾರ್ಮಿಕ ಹಕ್ಕುಗಳ ಪ್ರಶ್ನೆಯನ್ನು ಗ್ರಾಮಸಭೆಗಳೇ ಪರಿಶೀಲಿಸಬೇಕೆಂದು ಆದೇಶಿಸಿತು. ಸಭೆ ಸೇರಿದ 12 ಗ್ರಾಮಗಳೂ ಗಣಿಯನ್ನು ನಿರಾಕರಿಸಿದವು. ಕಾಡಿನ ದೇವರ ವಿಷಯದಲ್ಲಿ ಕಾಡಿನವರ ಮಾತನ್ನು ಕೇಳಬೇಕೆಂಬುದು ಬರಿಯ ಸೌಜನ್ಯವಲ್ಲ, ನ್ಯಾಯವೂ ಹೌದೆಂಬುದು ಇದರಿಂದ ವಿದಿತವಾಗುತ್ತದೆ.

ಎಲ್ಲೆಯು ಅಳಿದರೆ ಏನಾಗುವುದೆಂಬುದಕ್ಕೆ ಕೊಡಗು ಸಾಕ್ಷಿ. ಅಲ್ಲಿ 1,200ಕ್ಕೂ ಮಿಗಿಲಾದ ದೇವರಕಾಡುಗಳಿವೆ. ಸರ್ಕಾರಿ ದಾಖಲೆಗಳ ಪ್ರಕಾರ 1905ರಲ್ಲಿ ಅವುಗಳ ಒಟ್ಟು ವಿಸ್ತೀರ್ಣವು ಸುಮಾರು 15,500 ಎಕರೆ. 1985ರ ವೇಳೆಗೆ ಅದು ಸುಮಾರು 6,300 ಎಕರೆಗೆ ಇಳಿದಿತ್ತು. ಎಂಬತ್ತು ವರ್ಷಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು! ಇದು ಪ್ರವಾಸಿಗಳ ಕೃತ್ಯವಲ್ಲ. ಒತ್ತುವರಿ ಮತ್ತು ತೋಟಗಳ ವಿಸ್ತರಣೆಯಿಂದ ಆದ ನಷ್ಟ. ಆದರೆ ಪಾಠವು ಒಂದೇ. ದೇವರಕಾಡನ್ನು ಕಾಯುತ್ತಿದ್ದುದು ಬೇಲಿಯಲ್ಲ, ಭಯಭಕ್ತಿ. ಅದು ಸಡಿಲಿದ ಕಡೆ ಮರವು ದಿಮ್ಮಿಯಾಯಿತು, ನೆಲವು ತೋಟವಾಯಿತು. ಅಸಡ್ಡೆಯ ವಿಹಾರಿಯು ಒಂದು ಕೊಂಬೆಯನ್ನೂ ಮುರಿಯದಿರಬಹುದು. ಆದರೆ ದೇವರ ನೆಲೆಯಲ್ಲಿ ಪಾದರಕ್ಷೆ ಮೆಟ್ಟಿ ಕುಣಿದು ಏನೂ ಆಗಲಿಲ್ಲವೆಂದು ತೋರಿಸುವವನು, ಅದನ್ನು ನೋಡುವ ಎಳೆಯ ಸೋಲಿಗನ ಮನಸ್ಸಿನಲ್ಲಿ ಆ ಭಕ್ತಿಯ ಬೇರನ್ನು ಅಲುಗಿಸುತ್ತಾನೆ. ಮರಕ್ಕೆ ಬೀಳುವ ಕೊಡಲಿಗಿಂತ ಇದು ಸಣ್ಣದಲ್ಲ.

ಮೂಲನಿವಾಸಿಗಳ ಇಚ್ಛೆಯೆಂದರೆ ಯಾವಾಗಲೂ ‘ಬರಬೇಡಿ’ ಎಂಬುದೇ ಆಗಿರುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಬಹುಮಟ್ಟಿಗೆ ಅದು ‘ಹೀಗೆ ಬನ್ನಿ’ ಎಂಬುದಾಗಿರುತ್ತದೆ. ಕೆಲವು ಕಡೆ ಮಾತ್ರ, ಕೆಲವು ಕಾಲದಲ್ಲಿ ಮಾತ್ರ, ‘ಇಲ್ಲಿಗೆ ಬೇಡ’ ಎಂಬ ಮಾತು ಬರುತ್ತದೆ. ಆ ಮಾತನ್ನು ಹೇಳಬಲ್ಲವರು ಯಾರು? ಪೋಡಿನ ಯಜಮಾನ, ಪೂಜೆ ನಡೆಸುವ ತಮ್ಮಡಿ, ಮತ್ತು ಇಂದಿನ ಕಾನೂನಿನಂತೆ ಗ್ರಾಮಸಭೆ. ಆದುದರಿಂದ ಪ್ರವಾಸಿಯ ಕರ್ತವ್ಯವು ಕಠಿಣವಾದುದೇನೂ ಅಲ್ಲ. ಅರಣ್ಯ ಇಲಾಖೆಯ ಅನುಮತಿಯೊಡನೆ ಆ ನೆಲದವನೊಬ್ಬನನ್ನು ದಾರಿಗಾಗಿ ಜೊತೆಗೆ ಕರೆದೊಯ್ಯುವುದು, ಅವನ ದುಡಿಮೆಗೆ ತಕ್ಕ ಪ್ರತಿಫಲವನ್ನು ಕೊಡುವುದು, ಅವನು ನಿಂತಲ್ಲಿ ನಿಲ್ಲುವುದು, ಕಳಚೆಂದಲ್ಲಿ ಕಳಚುವುದು, ಬೇಡವೆಂದಲ್ಲಿ ಕಾರಣವನ್ನು ಕೆದಕದೆ ಹಿಂದಿರುಗುವುದು. ಹಬ್ಬದ ದಿನ ಕರೆದರೆ ನೆಂಟನಂತೆ ಹೋಗಬೇಕು, ಕರೆಯದಿದ್ದರೆ ದೂರವಿರಬೇಕು. ಕಂಡ ಎಲ್ಲವನ್ನೂ ಚಿತ್ರವಾಗಿಸಿ ಲೋಕಕ್ಕೆ ಹಂಚುವ ಆತುರವನ್ನು ಬಿಡಬೇಕು. ಇಂದು ಒಂದು ಚಿತ್ರವು ನಾಳೆ ಸಾವಿರ ಜನರಿಗೆ ದಾರಿ ತೋರಿಸುತ್ತದೆ.

ಭಾರತೀಯ ಸಂಸ್ಕೃತಿಯಲ್ಲಿ ‘ಅತಿಥಿ’ ಎಂಬ ಶಬ್ದಕ್ಕೆ ತಿಥಿಯನ್ನು ಗೊತ್ತುಪಡಿಸದೆ ಬರುವವನೆಂದು ಹಿರಿಯರು ಅರ್ಥ ಹೇಳಿದ್ದಾರೆ. ಅತಿಥಿಯನ್ನು ದೇವರಂತೆ ಕಾಣಬೇಕೆಂಬ ವಿಧಿಯು ಎಲ್ಲರಿಗೂ ಕಂಠಪಾಠ. ಆದರೆ ಆ ವಿಧಿಯು ಆತಿಥೇಯನಿಗೆ ಹೇಳಿದುದು. ಅತಿಥಿಯು ತಾನೇ ದೇವರೆಂದು ಭಾವಿಸಿ ಮನೆಯ ದೇವರ ಪೀಠವನ್ನೇರಬಹುದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮನೆಗೆ ಬಂದವನಿಗೆ ನಡುಮನೆಯು ತೆರೆದಿರುತ್ತದೆ; ಪೂಜಾಗೃಹಕ್ಕೆ ಅವನು ಕೇಳಿಯೇ ಹೋಗುತ್ತಾನೆ. ಕಾಡು ಸೋಲಿಗರ ಮನೆಯೆಂಬುದನ್ನು ಒಪ್ಪಿದರೆ, ಉಳಿದುದೆಲ್ಲವೂ ತಾನಾಗಿಯೇ ಸಿದ್ಧಿಸುತ್ತದೆ.

ಮಡಿವಾಳದ ಸೋಮೇಶ್ವರನ ಗುಡಿಗೆ ಗೋಡೆಯಿದೆ, ಶಾಸನವಿದೆ. ಅದರ ಎಲ್ಲೆಯನ್ನು ಕಲ್ಲು ಹೇಳುತ್ತದೆ. ಬಿಳಿಗಿರಿಯ ದೊಡ್ಡಸಂಪಿಗೆಗೆ ಗೋಡೆಯಿಲ್ಲ, ಬರೆಹವಿಲ್ಲ. ಅದರ ಎಲ್ಲೆಯನ್ನು ಹೇಳುವುದು ಸೋಲಿಗನ ಬಾಯಿಮಾತು. ಕಲ್ಲಿನ ಮಾತಿಗೆ ಪಾದರಕ್ಷೆ ಕಳಚುವವನು ಮನುಷ್ಯನ ಮಾತಿಗೆ ಕಳಚಲಾರನೆ? ನಾಳೆ ಬೆಟ್ಟವನ್ನೇರಲಿರುವ ತರುಣ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ತಮ್ಮೊಡನೆ ಕೊಂಡೊಯ್ಯಲಿ.